ಹಿಂದಿನ ಸೀಟಿನ ತೂಕ

ಹ್ಯಾಂಡಲ್ಲು ನಟ್ಟನಡುವೆ ಸಿಕ್ಕಿಕೊಳ್ಳುತ್ತಿತ್ತು,
ಕಟಕ್ಕೆಂದು, ಹಟದ ಕರುವಿನ ಕತ್ತಿನ ಹಾಗೆ.
ಗೂಡಿನ ಚೀಲ ಕಟ್ಟಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುವಾಗ
ದಿಬ್ಬೂರಹಳ್ಳಿ ರಸ್ತೆಯ ತಿರುವಲ್ಲಿ ಎರಡು ಸಲ
ಚರಂಡಿಯ ಕಡೆಗೇ ಮನಸ್ಸು ಮಾಡಿತ್ತು ಗಾಡಿ.
"ಕೋನ್‌ಸೆಟ್ ಹೋಗೈತೆ" ಅಂದ ಗ್ಯಾರೇಜಿನ ನ್ಯಾಮತ್.
ಕೂಲಿ ಎಷ್ಟೆಂದು ಕೇಳಿ
ಸಾಮಾನು ಮಾತ್ರ ಕೊಂಡು ಬಂದೆ.

ಹೋದ ವರ್ಷ ಇದೇ ಗಾಡಿಯ ಮೂತಿ ಎತ್ತಲು
ನನ್ನ ಗಂಡ ಸೈಲೆನ್ಸರಿಗೆ ಕಾರಿನ ಜಾಕಿ ಕೊಟ್ಟಿದ್ದ.
ಕೊಳವೆ ಚಪ್ಪಟೆ, ಹೆಬ್ಬೆರಳ ಉಗುರು ಕಪ್ಪು,
ಕೋಳಿಗೂಡು ಎರಡು ಹೋಳು.
ಈಗ ರಾತ್ರಿ ಪಾಳಿ ಮುಗಿಸಿ ಬಂದು
ನೂಲು ಬಿಚ್ಚುವ ಬಾಣಲಿಯ ವಾಸನೆ ಹೊದ್ದು ಮಲಗಿದ್ದಾನೆ.
ಎಬ್ಬಿಸಲಿಲ್ಲ.

ಪಡಸಾಲೆಯ ಚಪ್ಪಡಿ ಸಮ. ಅಲ್ಲೇ ನಡು ಸ್ಟ್ಯಾಂಡು ಹಾಕಿ
ಅದರ ಕಾಲು ಹಿಂದಕ್ಕೆ ಮಡಚದಂತೆ
ಫ್ರೇಮಿನ ಕೊಳವೆಗೆ ಬಿಗಿದೆ,
ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟುವ ಹಗ್ಗದಲ್ಲಿ.
ಬಿಗಿ ನಟ್ಟುಗಳನ್ನೆಲ್ಲ ಚಕ್ರ ನೆಲದ ಮೇಲಿರುವಾಗಲೇ
ಅರ್ಧ ಸುತ್ತು ಸಡಿಲಿಸಿದೆ.
ಮೇಲೆದ್ದ ಗಾಡಿಯನ್ನು ಜಗ್ಗಾಡಬಾರದು.
ಯಾರೂ ಹೇಳಿಕೊಟ್ಟದ್ದಲ್ಲ, ಆ ಕಪ್ಪು ಉಗುರು ಹೇಳಿದ್ದು.

ರಾಗಿ ಚೀಲ ಹಿಂದಿನ ಸೀಟಿಗೆ ಹಾಕಿದೆ. ಮೂತಿ ಏಳಲಿಲ್ಲ.
ಹಿಟ್ಟಿನ ಡಬ್ಬ ಸೇರಿಸಿದೆ.
ಒಂದು ಬೆರಳಷ್ಟು ಎದ್ದು, ಬೇಸರವಾಗಿ, ಮತ್ತೆ ಕೂತಿತು.

ಅತ್ತೆ ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದಳು.
ಹನ್ನೊಂದು ವರ್ಷದಲ್ಲಿ ನನ್ನ ಹಿಂದೆ ಒಮ್ಮೆಯೂ ಕೂತವಳಲ್ಲ,
ಜ್ವರದಲ್ಲೂ ಬಸ್ಸಿಗೆ ಕಾದವಳು:
"ನಂಗಿನ್ನೂ ಮೊಮ್ಮಗಳ ಮದುವೆ ನೋಡೋದೈತೆ."
ಈಗ ಮೊರ ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ,
"ಆ ಚೀಲ ಇಳಿಸು" ಅಂದಳು.
"ಚೀಲಕ್ಕೇನು ಗೊತ್ತು, ಹಿಡ್ಕೊಳ್ಳೋದು?"

ಸ್ಟೂಲು ಹತ್ತಿ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಳು.
"ಹಂಗಲ್ಲ ಅತ್ತೆ, ವಾಲ್ತದೆ."
ಗೊಣಗಿ, ಗಂಡಸಿನಂತೆ ಆಚೆಗೊಂದು ಈಚೆಗೊಂದು ಹಾಕಿದಳು.
ಸೀರೆ ಮೇಲೆ ಸರಿದು ಮೀನಖಂಡದಲ್ಲಿ
ಹಸಿರು ಚೇಳಿನ ಹಚ್ಚೆ ಕಂಡಿತು,
ಒಂದೇ ಸೂರಿನಡಿ ಇಷ್ಟು ವರ್ಷ ನಾನು ಕಾಣದ್ದು.

ಮುಂದಿನ ಚಕ್ರ ಮೆಲ್ಲಗೆ ನೆಲ ಬಿಟ್ಟಿತು.
"ಪಟ್ಟುಕೋ! ಪಟ್ಟುಕೋ!"
ಹೆದರಿದಾಗ ಅವಳಿಗೆ ತವರಿನ ತೆಲುಗೇ ಬರುವುದು.
ಬೇವಿನ ದಿಮ್ಮಿ ಇಂಜಿನ್ನಿನ ಅಡಿಗೆ ತಳ್ಳಿದೆ,
ಆಯಿಲ್ ಬೋಲ್ಟಿಗೆ ತಾಗದಂತೆ, ಮೇಲೊಂದು ಗೋಣಿ ಮಡಚಿ.
ಫ್ರೇಮಿನ ಕತ್ತಿನಿಂದ ಕಲ್ಲುಕಂಬಕ್ಕೆ ಹಗ್ಗ, ಎರಡು ಸುತ್ತು.
ಅಲ್ಲಾಡಿಸಿ ನೋಡಿದೆ.
ನಂಬದೆ ಇನ್ನೊಮ್ಮೆ ಅಲ್ಲಾಡಿಸಿದೆ.
"ಇನ್ನು ಇಳೀಬೋದು ಅತ್ತೆ, ದಿಮ್ಮಿ ಹೊತ್ಕೊಂಡೈತೆ."
ಇಳಿಯಲಿಲ್ಲ. "ಆ ಮೊರ ಕೊಡಿಲ್ಲಿ" ಅಂದಳು.

ಹಾಗೆ ಕಳೆಯಿತು ಮಧ್ಯಾಹ್ನ. ಮೇಲೆ ಅವಳ ಅವರೆ,
ಕೆಳಗೆ ನಾನು ಕಪ್ಪು ಗ್ರೀಸಿನಿಂದ ಹೆಕ್ಕುವ ಉಕ್ಕಿನ ಗುಂಡು.
ಅವಳದು ಟಪ್. ನನ್ನದು ಟಿಣ್.
ಕಂಬದತ್ತ ಕಣ್ಣು ನೆಟ್ಟು ಕೇಳಿದಳು, "ಎಲ್ಲಿಗೆ ಬಂದ್ವಿ?"
"ಮೇಲೂರು ದಾಟಿದ್ವಿ."
"ನಿಧಾನ" ಅಂದಳು.

ಹೊಸ ಗುಂಡು ಮೇಲಕ್ಕೆ ಇಪ್ಪತ್ತೊಂದು, ಕೆಳಕ್ಕೆ ಹದಿನೆಂಟು.
ಎಣಿಸಿದರೆ ಮೇಲಿನದು ಇಪ್ಪತ್ತು. ಮತ್ತೆ ಎಣಿಸಿದರೂ ಇಪ್ಪತ್ತೇ.
ಚಪ್ಪಡಿಯ ಸಂದು, ಗೋಣಿಯ ಮಡಿಕೆ ಹುಡುಕಿದೆ,
ಕೋಳಿಯ ಮೇಲೂ ಅನುಮಾನ ಬಂತು.
"ಇದ್ಯಾವ ತಳಿ ಅವರೆನಮ್ಮಾ?"
ಮೊರದಿಂದೆತ್ತಿ ಬೆಳಕಿಗೆ ಹಿಡಿದಿದ್ದಳು,
ಹಲ್ಲಿಗೆ ಕೊಡುವುದೊಂದು ಬಾಕಿ.

ಇಳಿಸುವಾಗಲೂ ಅವಳ ತೂಕ ಬೇಕಾಯಿತು:
ಅವಳು ಹಿಂದಕ್ಕೊರಗಿ, ನಾನು ದಿಮ್ಮಿ ಎಳೆದು,
ಚಕ್ರ ಸದ್ದಿಲ್ಲದೆ ನೆಲಕ್ಕೆ ಬಂತು.
ಹ್ಯಾಂಡಲ್ಲು ಈಗ ಒಂದು ಬೆರಳಿಗೇ ತಿರುಗುತ್ತದೆ.

ಸೋಮವಾರ ಕಣ್ಣಿನ ಡಾಕ್ಟರಿಗೆ ತೋರಿಸಲು
ಅವಳು ಬಸ್ಸಿಗೇ ಹೋದಳು.
ಹೊರಡುವ ಮುಂಚೆ ಹಿಂದಿನ ಸೀಟಿನ ದೂಳನ್ನು
ಸೆರಗಿನಿಂದ ಒರೆಸಿದ್ದು
ಕಾಣದವಳಂತೆ ನಾನು
ಗೂಡಿನ ಚೀಲದ ಬಾಯಿ ಕಟ್ಟುತ್ತಿದ್ದೆ.