ಕಾರಣ: ಬಿಸಿ ದ್ರವ

ಮಂಡ್ಯದ ದೊಡ್ಡಾಸ್ಪತ್ರೆಯ ರೆಕಾರ್ಡ್ ರೂಮು
ಶವಾಗಾರಕ್ಕೆ ಹೋಗುವ ದಾರಿಯಲ್ಲಿದೆ.
ತಪ್ಪಿ ಬಂದವರಿಗೆ ದಾರಿ ತೋರಿಸುವುದೂ
ಜವರಪ್ಪನದೇ ಕೆಲಸ.
"ಏನವ್ವ, ಓದೋದ್ ಬುಟ್ಟು ಈ ದೂಳೊಳಕ್ಕೆ?"
ಅನುಮತಿ ಪತ್ರ ತೋರಿಸಿದೆ: ಮೂರು ಸಹಿ, ಎರಡು ಮೊಹರು,
ಒಂದು ಸಹಿಗೆ ಹನ್ನೊಂದು ದಿನ ಕಾದಿದ್ದೆ.
ಅವನು ಓದಲಿಲ್ಲ. ಸ್ಟೂಲು ಒರೆಸಿ ಕೊಟ್ಟ.

ಎರಡನೇ ವರ್ಷದ ಹುಡುಗಿ ನಾನು. ಎರಡು ತಿಂಗಳು,
ಒಂದು ಪ್ರಶ್ನೆ:
ಆಲೆಮನೆಯಲ್ಲಿ ಸುಟ್ಟುಕೊಂಡವರು
ಇಲ್ಲಿಗೆ ಬರುವ ಮೊದಲು
ಸುಟ್ಟ ಜಾಗಕ್ಕೆ ಏನು ಹಚ್ಚಿಕೊಂಡಿದ್ದರು?

ಗೈಡ್ ಮೇಡಂ ನೂರಿಪ್ಪತ್ತು ಚೀಟಿ ಮುಗಿಸಿ
ಮೈಸೂರು ಪ್ಯಾಸೆಂಜರಿನಲ್ಲಿ ನಿಂತುಕೊಂಡೇ
ನನ್ನ ಕರಡು ತಿದ್ದುತ್ತಿದ್ದರು.
ಯಲಿಯೂರು ದಾಟುವಾಗಿನ ಕುಲುಕಿಗೆ ಗೆರೆ ಹಾರಿ
ಅವರು ಒಂದು ಪದಕ್ಕೆ ಬರೆದ "ಯಾಕೆ?"
ಇಡೀ ಪುಟಕ್ಕೆ ತಗುಲಿಕೊಂಡಿತ್ತು.

ಕಟ್ಟು ಬಿಚ್ಚಿದೆ. ಬೆಳ್ಳಿಮೀನು ಓಡಿದವು.
ಗಂಡು, ಇಪ್ಪತ್ತಾರು, ಶೇಕಡ ಮೂವತ್ತೆರಡು. ಕಾರಣ: ಬಿಸಿ ದ್ರವ.
ಹೆಣ್ಣು, ನಲವತ್ತು, ಎಡಗೈ ಪೂರ್ತಿ. ಕಾರಣ: ಬಿಸಿ ದ್ರವ.
ಗಂಡು, ಒಂಬತ್ತು. ಬಿಸಿ ದ್ರವ.
ಕಾಫಿಯೂ ದ್ರವ, ಬಾಣಂತಿಗೆ ಕಾಯಿಸಿದ ನೀರೂ ದ್ರವ,
ಕೊಪ್ಪರಿಗೆಯಲ್ಲಿ ನೊರೆಯೆದ್ದು ಎಳೆ ಬಿಡುವ ಪಾಕವೂ ದ್ರವವೇ.
ಪಾಕ ಮಾತ್ರ ಬಿದ್ದ ಮೇಲೆ ಜಾರುವುದಿಲ್ಲ,
ಅಂಟಿಕೊಂಡು ಸುಡುತ್ತಲೇ ಇರುತ್ತದೆ.
ಅಷ್ಟು ಬರೆಯಲು ರಾತ್ರಿ ಪಾಳಿಗೆ
ಪುರುಸೊತ್ತಾಗಿರಲಿಲ್ಲ.

"ಈ ಕಟ್ಟೆಲ್ಲಾ ಪಾಕವೇ ಕನವ್ವ," ಅಂದ ಜವರಪ್ಪ,
"ನಂಗ್ ಗ್ಯಾನ ಅದೆ."
ಅವನ ಗ್ಯಾನಕ್ಕೆ ನನ್ನ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ.
"ಹಾಗಾದರೆ ಹೋಗಿ ಕೇಳು," ಅಂದರು ಮೇಡಂ.

ಹೋದೆ. ಫೋನ್ ನಂಬರುಗಳಲ್ಲಿ ಅರ್ಧ ಸತ್ತಿದ್ದವು,
ಮನುಷ್ಯರು ಬದುಕಿದ್ದರು.
ಕೀಲಾರದ ಹತ್ತಿರದ ಆಲೆಮನೆಯಲ್ಲಿ
ಮುಜಫ್ಫರ್‌ನಗರದಿಂದ ಬಂದ ಇರ್ಶಾದ್ ಎಂಬ ಹುಡುಗ
ಸಿಪ್ಪೆ ಒಲೆಗೆ ಒಡ್ಡುತ್ತಿದ್ದ. ಬಲಗೈಯ ಮೂರು ಬೆರಳು
ಒಂದೇ ಆಗಿದ್ದವು.
ಒಪ್ಪಿಗೆ ಪತ್ರ ಎರಡು ಭಾಷೆಯಲ್ಲಿತ್ತು, ಅವನದು ಮೂರನೆಯದು.
ನನಗೆ ಬಂದಷ್ಟು ಹಿಂದಿಯಲ್ಲಿ ಓದಿದೆ:
ಈ ಅಧ್ಯಯನದಿಂದ ನಿಮಗೆ ನೇರ ಲಾಭವೇನೂ ಇಲ್ಲ.
"ಇನ್ನೊಂದ್ಸಲ ಓದಿ," ಅಂದ.
ಓದಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ.
ಎಡಗೈ ಹೆಬ್ಬೆಟ್ಟು ಒತ್ತಿ, ಬಿಸಿ ಬೆಲ್ಲದ ಉಂಡೆ ಕೊಟ್ಟ.
ಸುಣ್ಣ ಹಚ್ಚಿದ್ದರಂತೆ.
ಮಾರ್ಚಿ ಹೊಳೆಯುತ್ತ ನಾಲೆ ಹತ್ತು ಹೆಜ್ಜೆಯಲ್ಲಿ ಹರಿಯುತ್ತಿತ್ತು.

ಅರವತ್ತಮೂರು ಜನ.
ಸುಣ್ಣ ಹತ್ತೊಂಬತ್ತು, ಟೂತ್‌ಪೇಸ್ಟು ಹದಿನಾಲ್ಕು,
ಬೂದಿ, ಇಂಕು, ಲೋಳೆಸರ, ನೆನಪಿಲ್ಲ.
ತಣ್ಣೀರು: ಏಳು.

ಬರೆದೆವು. ಕಳಿಸಿದೆವು.
ಒಂದು ಪತ್ರಿಕೆ ಕೇಳಿದ ಶುಲ್ಕದಲ್ಲಿ
ನಮ್ಮ ಮೆಸ್ಸಿನ ಒಂದೂವರೆ ವರ್ಷದ ಅನ್ನ ಬರುತ್ತಿತ್ತು.
ಬಡದೇಶಗಳಿಗೆ ವಿನಾಯಿತಿ ಉಂಟು ಎಂದಿತ್ತು. ಪಟ್ಟಿ ನೋಡಿದೆ.
ನಾವು ಅಷ್ಟೇನೂ ಬಡವರಲ್ಲವಂತೆ.
ಇನ್ನೊಂದು ಪತ್ರಿಕೆ ಬಹಳ ಮರ್ಯಾದೆಯಿಂದ ಬರೆಯಿತು:
ವಿಷಯ ಸ್ಥಳೀಯ ಆಸಕ್ತಿಯದು.

ಹೌದಲ್ಲ.
ಪಾಕ ಬೀಳುವುದೂ ಅಂಗೈಯಗಲ ಜಾಗದಲ್ಲೇ.
ಅಂಗೈಯಗಲ ಅಂದರೆ ಶೇಕಡ ಒಂದು ಎಂದು
ನಮ್ಮ ಪಾಠದಲ್ಲಿದೆ.

ಪರೀಕ್ಷೆ ಬಂತು. ಪಾಸಾದೆ. ಫಾರ್ಮಕಾಲಜಿಯಲ್ಲಿ ಕಷ್ಟಪಟ್ಟು.
ಫೈಲು ವಾಪಸು ಕೊಡಲು ಹೋದಾಗ
ಜವರಪ್ಪ ಸುಟ್ಟಗಾಯದ ವಾರ್ಡಿಗೆ ಹೊಸ ರಿಜಿಸ್ಟರು ಗೆರೆ ಹಾಕುತ್ತಿದ್ದ,
ಕಬ್ಬಿಣದ ಸ್ಕೇಲು, ಕೆಂಪು ಪೆನ್ನು.
"ಕಾರಣ"ದ ಪಕ್ಕ ಇನ್ನೊಂದು ಗೆರೆ ಎಳೆದು
ಇಕ್ಕಟ್ಟಿನಲ್ಲಿ ಬರೆದ: "ಏನ್ ಹಚ್ಚಿದ್ರು".
ಯಾರ ಅನುಮತಿ ಎಂದು ಕೇಳಲಿಲ್ಲ ನಾನು.

ಮೊನ್ನೆ ವಾರ್ಡಿನಲ್ಲಿ ಆ ಪುಟ ತೆಗೆದು ನೋಡಿದೆ.
ಹನ್ನೆರಡು ಸಾಲು ಖಾಲಿ.
ಹದಿಮೂರನೆಯದರಲ್ಲಿ, ಯಾರದೋ ಅವಸರದ ಕೈಯಲ್ಲಿ,
ನೀರು,
ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ.