ಬ್ಯಾಟರಿ ಹಿಡದಾಂವ

ಬ್ಯಾಡಗಿ ಟಾಕೀಜಿನ್ಯಾಗ ಇಪ್ಪತ್ತೆರಡು ವರ್ಷ
ಬ್ಯಾಟರಿ ಹಿಡದು ನಿಂತಾಂವ ನಾ, ದಾವಲಸಾಬ.
ಪಡದಿಗೆ ಬೆನ್ನು, ಮಂದಿಗೆ ಮಾರಿ.

ಮೆಣಸಿನಕಾಯಿ ಪ್ಯಾಟಿಯಿಂದ ಸೀದಾ ಬರತಿದ್ರು ಹಮಾಲರು.
ಒಬ್ಬಾಂವ ಅಂಗಿ ಝಾಡಿಸಿದ್ರ ಸಾಕು,
ಬಾಲ್ಕನಿತನಕಾ ಸೀನು.
ದೀಪ ಆರಿದ ಮ್ಯಾಲೂ ಕೆಮ್ಮು,
ಬೆಂಚಿನಿಂದ ಬೆಂಚಿಗೆ ದಾಟೂ ಕೆಮ್ಮು,
ತೊಟ್ಟು ತಗಿಯೂ ಹೆಣ್ಣಮಕ್ಕಳ ಕಡಿಂದ
ಅದಕ್ಕೊಂದು ಜವಾಬು.

ಹೆಸರು ಬೀಳೂಮುಂದ ಯಾರೂ ಓದತಿದ್ದಿಲ್ಲ.
ಶೇಂಗಾ ಸುಲಿಯೋರು, ಕೂಸು ತಟ್ಟೋರು,
ನಿನ್ನಿ ಧಾರಣಿ ಕೇಳೋರು.
ನಾ ಅವರ ಕೊರಳು ನೋಡತಿದ್ದೆ.

ಒಂದು ಸಿನಿಮಾ, ಹೆಸರು ಮರತೀನಿ.
ಕುದುರಿ ಇಲ್ಲ, ಬಂದೂಕಿಲ್ಲ.
ಬಾಗಲಾ ಬಡದ ಸಪ್ಪಳ, ಒಂದ ಸಲ.
ಸುಮ್ಮನ.
ಮತ್ತೊಂದ ಸಲ.

ಮುಂದಿನ ಸಾಲಿನ ಚನ್ನವೀರ,
ಅವತ್ತ ನಲವತ್ತು ಚೀಲ ಇಳಿಸಿ ಬಂದಾಂವ,
ಸೀನಾಕ ಬಾಯಿ ತಗದಿದ್ದ.
ತಗದದ್ದು ಹಂಗ ಉಳೀತು.
ಅವನ ಹಿಂದ ಕೆಮ್ಮು
ಚಿಮಣಿ ಆರಿಸಿಕೋತ ಹೋದಂಗ
ಒಂದೊಂದ ನಿಂತ್ವು.
ಶೇಂಗಾ ಬಟ್ಟಿನ ಸಂದ್ಯಾಗ.
ನಾ ತಿರುಗಿ ನೋಡಲಿಲ್ಲ.
ಅವರ ಕಣ್ಣಾಗ ಕಂಡೆ,
ಎರಡೆರಡು ಸಣ್ಣ ಬಾಗಲಾ.

ತಡಾ ಮಾಡಿ ಬಂದ ಗಂಡ ಹೆಂಡತಿಗೆ
ಸೀಟು ತೋರಸಬೇಕಿತ್ತು.
ಬ್ಯಾಟರಿ ಹಚ್ಚಾಕ ಕೈ ಏಳಲಿಲ್ಲ.
ಅವರೂ ಕೇಳಲಿಲ್ಲ,
ಗ್ವಾಡಿಗಿ ಆನಿಸಿ ನಿಂತ್ರು.

ಹತ್ತು ಮಿನಿಟಿಗೆ ನನ್ನ ಕೆಲಸ ಮುಗೀತು.
ಸೈಕಲ್ ಸ್ಟ್ಯಾಂಡಿನ ಚೀಟಿ ಎಣಸಾಕ ಹೊರಗ ಹ್ವಾದೆ.
ಬಾಗಲಾ ಯಾರ ತಗದ್ರೋ,
ಹೊರಗ ನಿಂತಾವರು ಯಾರೋ,
ಇವತ್ತಿಗೂ ಗೊತ್ತಿಲ್ಲ.

ಚನ್ನವೀರನ್ನ ಕೇಳಬಹುದಿತ್ತು.
ಮರುದಿನ ಪ್ಯಾಟ್ಯಾಗ ಸಿಕ್ಕಿದ್ದ,
ಹೇಳಾಕ ಬಾಯೀನೂ ತಗದ.
ಸೀನು ಬಂತು.