ಮಂಚದ ಕೆಳಗೆ ಕಾಫಿಪುಡಿ

ಮೊದಲ ದಿನ ನಾನು ಉಸಿರು ಬಿಗಿಹಿಡಿದೆ.
ಬೊಳ್ಳಿಗೆ ಗೊತ್ತಾಯಿತು.
"ಪರವಾಗಿಲ್ಲ ಸಿಸ್ಟರ್, ನಾನೂ ಹಾಗೇ ಮಾಡ್ತೇನೆ,
ಆದರೆ ಎಷ್ಟು ಹೊತ್ತು?" ಎಂದಳು.

ಎಡಮೊಲೆಯಿದ್ದಲ್ಲಿ ಹುಣ್ಣು,
ಅಂಗೈ ಇಟ್ಟರೂ ಮುಚ್ಚದಷ್ಟು.
ಉಪ್ಪುನೀರು ಕುದಿಸಿ, ಆರಿಸಿ,
ಅಂಟಿದ ಬಟ್ಟೆ ಎಳೆಯದೆ, ನೆನೆಸಿ ನೆನೆಸಿ,
ಅದು ತಾನಾಗಿ ಬಿಡುವವರೆಗೆ ಕೂತಿರಬೇಕು.
ಆಮೇಲೆ ಮಾತ್ರೆ ಅರೆದು ಪುಡಿ ಉದುರಿಸಬೇಕು
ರೊಟ್ಟಿಮಣೆಗೆ ಹಿಟ್ಟು ಉದುರಿಸುವ ಹಾಗೆ,
ಬೆರಳು ತಾಗದಂತೆ.

ವಾಸನೆ ಮಾತ್ರ ಹೋಗಲಿಲ್ಲ.
ಪಾಲಿಬೆಟ್ಟದ ಆ ಲೈನುಮನೆಗೆ ಒಂದೇ ಕೋಣೆ.
ಗಂಡ ಚಾತ ಜಗಲಿಯಲ್ಲಿ ಉಣ್ಣುತ್ತಿದ್ದ,
ಮೊಮ್ಮಗಳು ಪಕ್ಕದ ಮನೆಯಲ್ಲಿ ಮಲಗುತ್ತಿದ್ದಳು.
ಯಾರೂ ಏನೂ ಅನ್ನುತ್ತಿರಲಿಲ್ಲ.

ಬಟ್ಟಲಿಗೆ ಕಾಫಿಪುಡಿ ಹಾಕಿ ಮಂಚದ ಕೆಳಗಿಡಿ,
ವಾಸನೆ ಎಳೆದುಕೊಳ್ಳುತ್ತದೆ ಎಂದೆ.
ಚಾತ ಡಬ್ಬಿ ತಂದ.
ಅಂಗಡಿಯ ಹತ್ತು ರೂಪಾಯಿ ಪೊಟ್ಟಣ,
ಅರ್ಧಕ್ಕರ್ಧ ಚಿಕೋರಿ,
ತಳದಲ್ಲಿ ಎರಡು ಚಮಚ.
ಸುತ್ತ ಮುನ್ನೂರು ಎಕರೆ ಕಾಫಿ.

ರೈಟರ್ ಉತ್ತಯ್ಯನವರ ಬಳಿ ನಾನೇ ಹೋದೆ.
ಎಷ್ಟು ಹೇಳಬೇಕೆಂದು ತಿಳಿಯದೆ
"ಹೊಸದಾಗಿ ಹುರಿದದ್ದು, ಬೆರೆಸದ್ದು" ಎಂದಷ್ಟೇ ಅಂದೆ.
ಮರುದಿನ ಅವರೇ ಬಂದರು,
ಕೊಡೆಯನ್ನು ಬಾಗಿಲಿಗೆ ಒರಗಿಸಿದರು,
ಕಾಗದದ ಚೀಲ ನನ್ನ ಕೈಗಿಟ್ಟು
ಗೋಡೆಯ ಕಡೆ ನೋಡುತ್ತ ಹೋದರು. ಕೊಡೆ ಮರೆತರು.

ಬೊಳ್ಳಿ ನಗತೊಡಗಿದಳು. ನಕ್ಕರೆ ಹುಣ್ಣು ಎಳೆಯುತ್ತದೆ,
ಎದೆ ಒತ್ತಿಹಿಡಿದೇ ನಕ್ಕಳು:
"ಮೂವತ್ತೆಂಟು ವರ್ಷ ಗೇಟಿನಲ್ಲಿ
ನಮ್ಮ ಮಡಿಲು ಬಿಚ್ಚಿಸಿ ನೋಡಿದರು,
ಒಂದು ಹಿಡಿ ಆಚೆ ಹೋಗಬಾರದೆಂದು.
ಈಗ ನೋಡಿ, ಮಂಚದಡಿಗೇ ತಂದಿಡ್ತಾರೆ."

ನೋವು ಹತ್ತರಲ್ಲಿ ಎಷ್ಟು ಎಂದು ನಾವು ಕೇಳಬೇಕು.
ಅವಳಿಗೆ ಹತ್ತು ತೀರ ಸಣ್ಣದು.
"ಇವತ್ತು ಅರವತ್ತು ಕಿಲೋ" ಎನ್ನುತ್ತಿದ್ದಳು.
"ಮಾತ್ರೆ ನುಂಗಿದ ಮೇಲೆ ಹದಿನೈದು.
ಹದಿನೈದಾದರೆ ತಲೆಮೇಲಿಟ್ಟು ಬಂಗಲೆವರೆಗೂ ನಡೀಬಹುದು."
ಫೈಲಿನಲ್ಲಿ ಆರು ಎಂದು ಬರೆದೆ, ಒಂದೂವರೆ ಎಂದು ಬರೆದೆ.
"ಚೀಲದ ತೂಕ ಕಳೆದಿರಾ?
ರೈಟರು ಒಂದು ಕಿಲೋ ಕಳೀತಾರೆ."

ಒಂದು ಸಂಜೆ ನೂರು ಎಂದು ಫೋನು ಬಂತು.
ಅಮ್ಮತ್ತಿಯಿಂದ ಜೀಪು ಹೊರಟಿತು.
ತಿರುವಿನಲ್ಲಿ ಆನೆಗಳು, ಜೊತೆಗೊಂದು ಮರಿ,
ಬಿದ್ದ ಹಲಸು ತುಳಿದು ತಿನ್ನುತ್ತಿದ್ದವು.
ಡ್ರೈವರ್ ಸಜಿ ದೀಪ ಆರಿಸಿದ.
ನಲವತ್ತು ನಿಮಿಷ.
ತೊಡೆಯ ಮೇಲೆ ಮಾರ್ಫಿನ್ ಪೆಟ್ಟಿಗೆ, ಅದಕ್ಕೆ ಬೀಗ,
ಬೀಗದ ಕೈ ನನ್ನ ಮುಷ್ಟಿಯಲ್ಲಿ.
ಬೇಗ ತಿಂದು ಮುಗಿಸಲಿ ಎಂದು ಬೇಡಿದೆನೋ
ಬೈದೆನೋ, ನೆನಪಿಲ್ಲ.
ತಲುಪಿದಾಗ ಚಾತ ಅವಳ ಪಾದಗಳನ್ನು ಮಡಿಲಲ್ಲಿಟ್ಟು ಕೂತಿದ್ದ,
ಕೋಣೆಯ ಒಳಗೆ.
ತಟ್ಟೆ ಅಲ್ಲೇ ಇತ್ತು, ಉಂಡಿದ್ದು.

ಉಳಿದ ಮಾತ್ರೆ ಎಣಿಸಿ ವಾಪಸ್ ತರಬೇಕು. ನಿಯಮ.
ಹನ್ನೊಂದು.
ಚಾತನ ಹೆಬ್ಬೆಟ್ಟು, ನನ್ನ ಸಹಿ.
ಮಂಚವನ್ನು ತೊಳೆದು ಜಗಲಿಯಲ್ಲಿ ನಿಲ್ಲಿಸಿದ್ದರು.
ಬಟ್ಟಲಿನ ಪುಡಿ ಮೆಣಸಿನ ಬಳ್ಳಿಯ ಬುಡಕ್ಕೆ ಸುರಿದರಂತೆ,
ಚೀಲದಲ್ಲಿ ಸ್ವಲ್ಪ ಉಳಿದಿತ್ತಂತೆ.
ಮೊಮ್ಮಗಳು ಬೆಲ್ಲದ ಕಾಫಿ ಮಾಡಿ ತಂದಳು, ಎರಡೂ ಕೈಯಲ್ಲಿ.
"ಬೆರೆಸದ್ದು ಸಿಸ್ಟರ್. ಅಜ್ಜಿ ಎತ್ತಿಡು ಅಂದಿದ್ದಳು."

ಲೋಟ ಮೂಗಿನ ಬಳಿ ತಂದೆ.
ಉಸಿರು ತಾನಾಗಿ ನಿಂತಿತು, ಹಳೆಯ ರೂಢಿ.
ಚಾತ ನೋಡುತ್ತಿದ್ದ.
ಎಳೆದುಕೊಂಡೆ.
ಕುಡಿದೆ.
ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು.